ಸೀಸ ಹೀರುವ ಪಾಲಿಮರ್ ಮಾಡುತ್ತೀರಾ? ಮೊದಲು ಬೋರ್‌ವೆಲ್ ನೀರು ತನ್ನಿ

ಎಂಎಸ್ಸಿ ಪ್ರಾಜೆಕ್ಟಿಗೆ ನೀರಿನಿಂದ ಸೀಸ ತೆಗೆಯುವ ಹೊಸ ಪಾಲಿಮರ್ ಮಾಡಬೇಕು, ಒಂದು ಗ್ರಾಂ ಪಾಲಿಮರ್ ಅತಿ ಜಾಸ್ತಿ ಮಿಲಿಗ್ರಾಂ ಸೀಸ ಹಿಡಿಯೋದು ಯಾವುದರಲ್ಲಿ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಿಡಿದು ಹೊರಟವನು. ಅಕ್ರಿಲಿಕ್ ಆಸಿಡ್‌ನ ಹೈಡ್ರೋಜೆಲ್, ಅಂದರೆ ನೀರು ಹೀರಿ ಉಬ್ಬುವ ಪಾಲಿಮರ್, ಆರಿಸಿಕೊಂಡೆ. ಅದರ ಸರಪಳಿಯ ಉದ್ದಕ್ಕೂ ಕಾರ್ಬಾಕ್ಸಿಲ್ ಗುಂಪುಗಳು, ಎಲ್ಲವೂ ಲೋಹ ಹಿಡಿಯುವ ಜಾಗಗಳೇ. ಡಿಸ್ಟಿಲ್ಡ್ ವಾಟರ್‌ಗೆ ಲೆಡ್ ನೈಟ್ರೇಟ್ ಬೆರೆಸಿ, ಜೆಲ್ ಹಾಕಿ, ಎಎಎಸ್‌ನಲ್ಲಿ (ನೀರಲ್ಲಿರುವ ಲೋಹ ಅಳೆಯುವ ಉಪಕರಣ) ಅಳೆದರೆ ಸೀಸ ಬಹುಪಾಲು ಹೋಗಿತ್ತು. ಗ್ರಾಫ್ ಚೆನ್ನಾಗಿ ಬಂತು, ಗೈಡ್‌ಗೂ ಖುಷಿ.

ಆಮೇಲೆ ಕೋಲಾರದ ಕಡೆಯಿಂದ ಬೋರ್‌ವೆಲ್ ನೀರು ತಂದು, ಅದಕ್ಕೆ ಸೀಸ ಬೆರೆಸಿ ನೋಡಿದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಗಾಜಿನಂತೆ ಉಬ್ಬಿ ನಿಲ್ಲುತ್ತಿದ್ದ ತುಣುಕುಗಳು ಇಲ್ಲಿ ಕುಗ್ಗಿ, ಬಿಳಿಚಿಕೊಂಡು, ಗಟ್ಟಿಯಾದವು. ಸೀಸದ ದೊಡ್ಡ ಪಾಲು ನೀರಲ್ಲೇ ಉಳಿದಿತ್ತು.

ನಾನು ನೀರಿನ ಗಡಸುತನವನ್ನು, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂನಂಥ ಲವಣಗಳನ್ನು, ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ಅದರ ಹತ್ತು ಪಟ್ಟು, ಅಂದರೆ 0.1 ಮಿಲಿಗ್ರಾಂ ಇದೆ ಅಂದುಕೊಳ್ಳಿ. ಅದೇ ನೀರಲ್ಲಿ ಕ್ಯಾಲ್ಸಿಯಂ 80 ಮಿಲಿಗ್ರಾಂ ಇರುವುದು ನಮ್ಮ ಕಡೆ ಏನೂ ವಿಶೇಷವಲ್ಲ. ತೂಕದಲ್ಲಿ ಇದು 800 ಪಟ್ಟು. ಆದರೆ ಸೀಸದ ಪರಮಾಣು ಭಾರ 207, ಕ್ಯಾಲ್ಸಿಯಂದು 40. ಎಣಿಕೆಗೆ ಬಂದರೆ ಒಂದು ಸೀಸದ ಅಯಾನಿಗೆ 4000ಕ್ಕೂ ಜಾಸ್ತಿ ಕ್ಯಾಲ್ಸಿಯಂ ಅಯಾನು! ಕಾರ್ಬಾಕ್ಸಿಲ್‌ಗೆ ಸೀಸದ ಮೇಲೆ ಒಲವು ಸ್ವಲ್ಪ ಜಾಸ್ತಿಯೇ, ನಿಜ. ಇಷ್ಟು ದೊಡ್ಡ ಗುಂಪಿನ ಎದುರು ಆ ಒಲವು ಸಾಲುವುದಿಲ್ಲ. ಜಾಗವೆಲ್ಲ ಕ್ಯಾಲ್ಸಿಯಂ ಪಾಲಾಗುತ್ತದೆ, ಸರಪಳಿಗಳನ್ನು ಅದೇ ಬಿಗಿದು ಕಟ್ಟುತ್ತದೆ. ಜೆಲ್ ಕುಗ್ಗಿದ್ದು ಅದಕ್ಕೇ. ಇದು ಗೊತ್ತಾಗುವಷ್ಟರಲ್ಲಿ ನನ್ನ ಫೆಲೋಶಿಪ್ ಅವಧಿ ಮುಗಿದಿತ್ತು.

ಹಾಗಾಗಿ ಗ್ರಾಮಿಗೆ ಎಷ್ಟು ಮಿಲಿಗ್ರಾಂ ಅನ್ನುವ ಪ್ರಶ್ನೆಯನ್ನೇ ಬಿಡಿ. ಕ್ಯಾಲ್ಸಿಯಂ ತುಂಬಿರುವಾಗ ಸೀಸವನ್ನು ಹುಡುಕಿ ಹಿಡಿಯುತ್ತದಾ, ಅದನ್ನು ಕೇಳಿ. ಹೊಸ ಪಾಲಿಮರ್ ಕೂಡ ಬೇಡ ಅನ್ನುತ್ತೇನೆ. ಇಮಿನೋಡೈಅಸಿಟೇಟ್ ಎಂಬ ಲೋಹ ಹಿಡಿಯುವ ಗುಂಪಿರುವ ರೆಸಿನ್ (ಪಾಲಿಮರ್ ಮಣಿಗಳು) ಅಂಗಡಿಯಲ್ಲೇ ಸಿಗುತ್ತದೆ, ಕ್ಯಾಲ್ಸಿಯಂಗಿಂತ ತಾಮ್ರ, ಸೀಸವನ್ನು ಬಹಳ ಗಟ್ಟಿಯಾಗಿ ಹಿಡಿಯುತ್ತದೆ. ನೀವೇ ಏನಾದರೂ ಮಾಡಲೇಬೇಕು ಅಂದರೆ ಗಂಧಕವಿರುವ ಥಯೋಲ್ ಗುಂಪು ನೋಡಿ. ಕ್ಯಾಲ್ಸಿಯಂ ಆಮ್ಲಜನಕವನ್ನು ಬಯಸುತ್ತದೆ, ಸೀಸಕ್ಕೆ ಗಂಧಕ ಇಷ್ಟ. ಥಯೋಲ್ ಮಾತ್ರ ಗಾಳಿಗೆ ಕೆಡುತ್ತದೆ, ಜೋಪಾನ.

ಪಾಲಿಮರ್ ಹಿಡಿದ ಸೀಸವನ್ನು ಬಿಡಿಸಲು ಡೈಲ್ಯೂಟ್ ನೈಟ್ರಿಕ್ ಆಸಿಡ್ ಬಳಸಿ. ಹೈಡ್ರೋಕ್ಲೋರಿಕ್ ಆದರೆ ಲೆಡ್ ಕ್ಲೋರೈಡ್ ಸರಿಯಾಗಿ ಕರಗದೆ ಒಳಗೇ ಕೂರಬಹುದು. ಥಯೋಲ್ ಇದ್ದರೆ ಆಸಿಡ್ ಇನ್ನೂ ತೆಳುವಾಗಿರಲಿ, ನೈಟ್ರಿಕ್ ಅದನ್ನೂ ಕೆಡಿಸುತ್ತದೆ. ತೊಳೆದ ಆಸಿಡ್ಡನ್ನು ಸಿಂಕಿಗೆ ಸುರಿಯಬೇಡಿ, ಸೀಸವೆಲ್ಲ ಈಗ ಅದರಲ್ಲೇ ಇದೆ.