ಪ್ರಾತ್ಯಕ್ಷಿಕೆ ಅಂದರೆ ದುಡ್ಡಲ್ಲ, ಹೋಲಿಕೆ

ಮುಂಗಾರು ಹತ್ತಿರ ಬಂತೆಂದರೆ ಪ್ರಾತ್ಯಕ್ಷಿಕೆ, ಅಂದರೆ ಹೊಸ ತಳಿ ಅಥವಾ ಪದ್ಧತಿಯನ್ನು ರೈತರ ಹೊಲದಲ್ಲೇ ಬೆಳೆದು ತೋರಿಸುವುದರ ಬಗ್ಗೆ ಅವೇ ಪ್ರಶ್ನೆಗಳು ಬರುತ್ತವೆ. ಈ ಸಲ ಒಂದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ, ಪಹಣಿ ಸರಿಯಿಟ್ಟುಕೊಳ್ಳಿ ಎಂಬುದನ್ನು ಮತ್ತೆ ಹೇಳುವುದಿಲ್ಲ. ಅಷ್ಟು ನಿಮಗೆ ಗೊತ್ತಿದೆ.

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲ್ಲೂಕು, 6 ಎಕರೆ ಒಣಬೇಸಾಯ. ಎರಡು ವರ್ಷದಿಂದ ಜೂನ್‌ನಲ್ಲಿ ತೊಗರಿ ಪ್ರಾತ್ಯಕ್ಷಿಕೆಗೆ ಅರ್ಜಿ ಕೊಡುತ್ತಿದ್ದೇನೆ. ಪಕ್ಕದ ಊರಿನವರಿಗೆ ಸಿಗುತ್ತದೆ, ನಮಗಿಲ್ಲ. ಎಕರೆಗೆ ಎಷ್ಟು ಹಣ ಬರುತ್ತದೆ? ಅರ್ಜಿ ಹೇಗೆ ಬರೆಯಬೇಕು?

ಮೊದಲು ಹಣದ ವಿಷಯ ಬಿಡಿ. ಕೃಷಿ ವಿಜ್ಞಾನ ಕೇಂದ್ರದ ಮುಂಚೂಣಿ ಪ್ರಾತ್ಯಕ್ಷಿಕೆಯಲ್ಲಿ ನಿಮ್ಮ ಕೈಗೆ ಬರುವುದು ಸಾಮಾನ್ಯವಾಗಿ ಸಾಮಗ್ರಿ: ಬೀಜ, ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ), ರೈಜೋಬಿಯಂ (ಸಾರಜನಕ ಒದಗಿಸುವ ಜೀವಾಣು), ಲಘು ಪೋಷಕಾಂಶ, ಕೀಟ ಹಿಡಿಯುವ ಮೋಹಕ ಬಲೆ. ಕೃಷಿ ಇಲಾಖೆಯ ಕೆಲವು ಯೋಜನೆಗಳಲ್ಲಿ ಸಹಾಯಧನ ಖಾತೆಗೆ ಬರುವುದುಂಟು. ಅದರ ಮೊತ್ತ ಆಯಾ ವರ್ಷದ ಮಾರ್ಗಸೂಚಿ ನೋಡಿಯೇ ಹೇಳಬೇಕು. ಉಳುಮೆ, ಎಡೆ, ಕಳೆ, ಕೊಯ್ಲು ಎಲ್ಲವೂ ನಿಮ್ಮ ಖರ್ಚು. ಇದನ್ನು ಒಪ್ಪಿದರೆ ಮಾತ್ರ ಮುಂದೆ ಓದಿ.

ನಿಮಗೆ ಸಿಗದಿರುವುದಕ್ಕೆ ಜಾಸ್ತಿ ಕಾರಣ ಜೂನ್. ಕೇಂದ್ರದವರು ವರ್ಷದ ಕ್ರಿಯಾ ಯೋಜನೆ ಮೊದಲೇ ಮಾಡಿರುತ್ತಾರೆ. ಯಾವ ಊರು, ಯಾವ ಬೆಳೆ, ಯಾವ ಸಮಸ್ಯೆ ಎಂಬುದು ಆಗಲೇ ತೀರ್ಮಾನವಾಗಿರುತ್ತದೆ. ನೀವು ಅರ್ಜಿ ಹಿಡಿದು ಹೋಗುವಾಗ ಬೀಜದ ಚೀಲಗಳಿಗೂ ಹೆಸರು ಬಿದ್ದಿರುತ್ತದೆ. ನೀವು ಹೋಗಬೇಕಾದದ್ದು ಹಿಂದಿನ ಬೆಳೆ ಹೊಲದಲ್ಲಿ ನಿಂತಿರುವಾಗ.

ಹೋಗುವಾಗ ಬರಿ ಕಾಗದ ಒಯ್ಯಬೇಡಿ, ಸಮಸ್ಯೆಯನ್ನೇ ಒಯ್ಯಿರಿ. ನಿಮ್ಮ ಕಡೆ ಅದು ನೆಟೆ ರೋಗ ಇರಬಹುದು. ಹೂ, ಕಾಯಿ ಬಿಡುವ ಹೊತ್ತಿಗೆ ಒಣಗುವ ಗಿಡವನ್ನು ಬೇರು ಸಮೇತ ಕಿತ್ತು, ಕಾಂಡ ಸೀಳಿ ನೋಡಿ. ಒಳಗೆ ಕಪ್ಪು ಗೆರೆ ಕಂಡರೆ ಆ ಗಿಡವನ್ನೇ ಕಲಬುರಗಿ ಕೃಷಿ ವಿಜ್ಞಾನ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ. ಜೊತೆಗೆ ಮಣ್ಣು ಪರೀಕ್ಷೆ ವರದಿ, ಮೂರು ವರ್ಷ ಆ ಹೊಲದಲ್ಲಿ ಏನೇನು ಬಿತ್ತಿದಿರಿ, ಎಷ್ಟು ಚೀಲ ಬಂತು ಎಂಬ ಲೆಕ್ಕ. "ನನಗೂ ಒಂದು ಪ್ರಾತ್ಯಕ್ಷಿಕೆ ಕೊಡಿ" ಎಂದು ಬರೆಯುವ ಬದಲು ಹೀಗೆ ಬರೆಯಿರಿ: "ನನ್ನ 2 ಎಕರೆಯಲ್ಲಿ ಪ್ರತಿ ವರ್ಷ ನೆಟೆ ಬೀಳುತ್ತಿದೆ. 1 ಎಕರೆಯಲ್ಲಿ ನೀವು ಹೇಳುವ ತಳಿ ಮತ್ತು ಬೀಜೋಪಚಾರ ಮಾಡುತ್ತೇನೆ, ಪಕ್ಕದ 1 ಎಕರೆಯನ್ನು ನಮ್ಮ ರೂಢಿಯಂತೆ ಬಿಡುತ್ತೇನೆ."

ಆ ಕೊನೆಯ ಸಾಲೇ ಅರ್ಜಿಯ ಜೀವ. ಹೋಲಿಕೆಯ ತಾಕು ಇಲ್ಲದಿದ್ದರೆ ಅದು ಪ್ರಾತ್ಯಕ್ಷಿಕೆ ಅಲ್ಲ, ಸುಮ್ನೆ ಬೀಜ ಹಂಚಿದ ಹಾಗೆ. ನಾನು ಸೇವೆಯಲ್ಲಿದ್ದಾಗ ಒಬ್ಬ ಒಳ್ಳೆಯ ರೈತರು ಟಿಎಸ್-3ಆರ್ ತೊಗರಿಗೆ ಟ್ರೈಕೋಡರ್ಮಾ ಬೀಜೋಪಚಾರ ಮಾಡಿದರು, ಕೆಜಿಗೆ 4 ಗ್ರಾಂ, ಹೇಳಿದಷ್ಟೇ. ಮಿಕ್ಕಿದ್ದನ್ನು ಯಾಕೆ ಹಾಳು ಮಾಡಲಿ ಅಂತ ಪಕ್ಕದ ತಾಕಿನ ಬೀಜಕ್ಕೂ ಹಚ್ಚಿಬಿಟ್ಟರು. ಬೆಳೆ ಎರಡೂ ಕಡೆ ಚೆನ್ನಾಗಿತ್ತು. ಆದರೆ ಕ್ಷೇತ್ರೋತ್ಸವದ ದಿನ ನೋಡಲು ಬಂದ ಊರಿನವರಿಗೆ ತೋರಿಸಲು ಏನೂ ಉಳಿಯಲಿಲ್ಲ. ನನಗೆ ಇವತ್ತಿಗೂ ಆ ಬೇಸರ ಹೋಗಿಲ್ಲ. ಅವರ ಮೇಲಲ್ಲ, ಸರಿಯಾಗಿ ತಿಳಿಸಿ ಹೇಳದ ನನ್ನ ಮೇಲೆ.

ಇನ್ನು ಪಕ್ಕದ ಊರಿನವರ ಮಾತು. ಬೇಳೆಕಾಳು, ಎಣ್ಣೆಕಾಳಿನ ಗುಂಪು ಪ್ರಾತ್ಯಕ್ಷಿಕೆಗೆ ಒಂದೇ ಕಡೆ ಸುಮಾರು 10 ಹೆಕ್ಟೇರ್, ಅಂದರೆ 25 ಎಕರೆ ಬೇಕಾಗುತ್ತದೆ. ಅವರು ಹತ್ತಾರು ಜನ ಸೇರಿ ಕೇಳಿರಬಹುದು. ನೀವೂ ಬದುವಿಗೆ ಬದು ಹತ್ತಿದವರನ್ನು ಸೇರಿಸಿಕೊಳ್ಳಿ. ಹೆಣ್ಣುಮಕ್ಕಳ ಹೆಸರಿನ ಹೊಲ, ಪರಿಶಿಷ್ಟರ ಹೊಲ, ಸಣ್ಣ ಹಿಡುವಳಿ ಇದ್ದರೆ ಅವರನ್ನು ಮೊದಲು ಕರೆಯಿರಿ. ಅವರಿಗೆ ಆದ್ಯತೆ ಇದೆ, ಮತ್ತು ಅವರನ್ನೇ ಊರಲ್ಲಿ ಯಾರೂ ಕರೆಯುವುದಿಲ್ಲ.

ಕೊಯ್ಲಿನ ದಿನ ಅಂದಾಜಿನಲ್ಲಿ ಇಳುವರಿ ಹೇಳಬೇಡಿ. ಎರಡೂ ತಾಕಿನ ರಾಶಿಯನ್ನು ಬೇರೆ ಬೇರೆ ತೂಗಿ. ಅದು ಆಗದಿದ್ದರೆ ಎರಡೂ ಕಡೆ ಬದು ಬಿಟ್ಟು ಒಳಗೆ 5 ಮೀಟರ್‌ಗೆ 5 ಮೀಟರ್ ಅಳೆದು ಕೊಯ್ದು, ಒಣಗಿಸಿ, ಬಡಿದು ತೂಗಿ. ಅದನ್ನು 162ರಿಂದ ಗುಣಿಸಿದರೆ ಎಕರೆಯ ಲೆಕ್ಕ: 3 ಕೆಜಿ ಬಂದರೆ 486 ಕೆಜಿ. ನಾಲ್ಕೈದು ಜಾಗದಲ್ಲಿ ಹೀಗೆ ಮಾಡಿ ಸರಾಸರಿ ತೆಗೆಯಿರಿ.

ನನ್ನ ಸ್ವಂತ ಎಚ್ಚರಿಕೆ ಒಂದಿದೆ. 6 ಎಕರೆಗೂ ಹೊಸ ತಳಿ ಹಾಕಬೇಡಿ, ಯಾರು ಹೇಳಿದರೂ ಸರಿ. ಮೊದಲ ವರ್ಷ 1 ಎಕರೆ ಸಾಕು.

ಪ್ರಶ್ನೆ: ಒಬ್ಬರು 2,000 ರೂಪಾಯಿ ಕೊಟ್ಟರೆ ಮಂಜೂರು ಮಾಡಿಸುತ್ತೇನೆ ಅನ್ನುತ್ತಾರೆ. ಆಧಾರ್, ಒಟಿಪಿ ಕೇಳಿದ್ದಾರೆ.

ಕೊಡಬೇಡಿ. ಒಟಿಪಿ ಆಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ.

ಪ್ರಶ್ನೆ: ಹನಿ ನೀರಾವರಿ, ಕೃಷಿ ಹೊಂಡಕ್ಕೂ ಇದೇ ಅರ್ಜಿ ಸಾಕಾ?

ಸಾಲದು. ಅವು ಬೇರೆ ಯೋಜನೆ.

ಪ್ರಶ್ನೆ: ಲಾವಣಿ (ಗುತ್ತಿಗೆ) ಹಾಕಿಕೊಂಡ ಹೊಲದಲ್ಲಿ ಮಾಡಬಹುದಾ?

ಪಹಣಿಯಲ್ಲಿ ಹೆಸರಿರುವವರನ್ನು ಕರೆದುಕೊಂಡು ಹೋಗಿ ಮಾತಾಡಿ. ಅವರು ಬರಲು ಒಪ್ಪದಿದ್ದರೆ ಆ ಹೊಲ ಬಿಡಿ.

ಪ್ರಶ್ನೆ: ಜೀಪಿನಲ್ಲಿ ಬಂದವರು ಸರ್ಕಾರಿ ಡೆಮೊ ಅಂತ ಹೇಳಿ ನೆಟೆಗೆ ಒಂದು ದ್ರಾವಣ ಕೊಟ್ಟರು. ಬಾಟಲಿಗೆ ಅರ್ಧ ಬೆಲೆ. ಬುಡಕ್ಕೆ ಹಾಕಿದರೆ ಒಣಗಿದ ಗಿಡ ಚಿಗುರುತ್ತದೆಯಂತೆ.

ಚಿಗುರುವುದಿಲ್ಲ. ನೆಟೆಯ ಶಿಲೀಂಧ್ರ ಮಣ್ಣಿನಲ್ಲಿರುತ್ತದೆ, ಬೇರಿನಿಂದ ಒಳಹೊಕ್ಕು ನೀರು ಹರಿಯುವ ನಾಳವನ್ನೇ ಕಟ್ಟಿಹಾಕುತ್ತದೆ. ಆಮೇಲೆ ಬುಡಕ್ಕೆ ಏನು ಸುರಿದರೂ ವ್ಯರ್ಥ. ರೋಗ ತಡೆಯುವ ತಳಿ, ಬೀಜೋಪಚಾರ, ಜೋಳದ ಜೊತೆ ಬೆಳೆ ಬದಲಾವಣೆ, ಇವೇ ದಾರಿ. ನೆಟೆಯಿಂದ ಅರ್ಧ ಹೊಲ ಕಳೆದುಕೊಂಡವರ ಹತ್ತಿರ ಬಂದು ಅರ್ಧ ಬೆಲೆಗೆ ಬಾಟಲಿ ಮಾರುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸರ್ಕಾರಿ ಪ್ರಾತ್ಯಕ್ಷಿಕೆಯ ಹೆಸರಲ್ಲಿ ಬಂದು ದುಡ್ಡು ಕೇಳಿದರೆ ಅದು ಪ್ರಾತ್ಯಕ್ಷಿಕೆ ಅಲ್ಲ, ಮಾರಾಟ. ಬಾಟಲಿಯ ಮುಚ್ಚಳ ತೆರೆಯದೆ, ರಸೀದಿ ಸಮೇತ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ದೂರು ಕೊಡಿ.