ಕಾಫಿ ತೋಟದ ಪಂಪ್ ಲೈನಿಗೆ ದಪ್ಪ ಗೋಡೆಯ ಪೈಪ್ ಬೇಕಾ?

ಪ್ರಶ್ನೆ: ತೋಡಿನ ಪಕ್ಕದ ಪಂಪಿನಿಂದ 60 ಮೀಟರ್ ಎತ್ತರದ ತೋಟಕ್ಕೆ ಸ್ಪ್ರಿಂಕ್ಲರ್ ನೀರು ಏರಿಸಬೇಕು. ಗುಜರಿಯಲ್ಲಿ ಮೂರು ಇಂಚಿನ ಹಳೇ ಸೀಮ್‌ಲೆಸ್ (ಬೆಸುಗೆಯ ಗೆರೆ ಇಲ್ಲದ) ಪೈಪ್ ಇದೆ, ಗೋಡೆ ದಪ್ಪದ ಲೆಕ್ಕದಲ್ಲಿ ಷೆಡ್ಯೂಲ್ 80 ಅಂತೆ. "ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ" ಅಂತಾರೆ. ತಗೊಳ್ಳಬಹುದಾ ಸಾರ್?
– ಗೋಣಿಕೊಪ್ಪದ ಓದುಗರು

ಉತ್ತರ: ಇಡೀ ಲೈನಿಗೆ ಬೇಡ. ನೀರು 10 ಮೀಟರ್ ಏರಬೇಕಾದರೆ ಹೆಚ್ಚುಕಮ್ಮಿ 1 ಕೆಜಿ (ಒಂದು ಚದರ ಸೆಂ.ಮೀ.ಗೆ) ಒತ್ತಡ ಬೇಕು. ನಿಮ್ಮ ಏರಿಗೆ 6 ಕೆಜಿ, ಜೆಟ್ ತಿರುಗಲು 3-4 ಕೆಜಿ, ಪೈಪಿನೊಳಗಿನ ಉಜ್ಜಾಟಕ್ಕೆ ಇನ್ನೊಂದಿಷ್ಟು ಸೇರಿಸಿದರೂ 12ರ ಆಸುಪಾಸು, ಅಷ್ಟೇ. ಅಂಗಡಿಯಲ್ಲಿ ಸಿಗುವ ನೀಲಿ ಪಟ್ಟಿಯ ಬಿ ಕ್ಲಾಸ್ (ಮಧ್ಯಮ ದಪ್ಪದ) ಜಿಐ, ಅಂದರೆ ಸತು ಲೇಪಿಸಿದ ಪೈಪನ್ನು ಐಎಸ್ 1239 ಎಂಬ ಭಾರತೀಯ ಮಾನದಂಡದ ಪ್ರಕಾರ ಸುಮಾರು 50 ಕೆಜಿ ಒತ್ತಡದಲ್ಲಿ ಪರೀಕ್ಷೆ ಮಾಡಿರುತ್ತಾರೆ.

ಎರಡಕ್ಕೂ ಹೊರಗಿನ ಅಳತೆ ಒಂದೇ, 88.9 ಮಿ.ಮೀ. ಬಿ ಕ್ಲಾಸಿನ ಗೋಡೆ 4 ಮಿ.ಮೀ., ಷೆಡ್ಯೂಲ್ 80ರದ್ದು 7.62. ಅಂದರೆ ದಪ್ಪವೆಲ್ಲ ಒಳಮುಖವಾಗಿ ಬೆಳೆದು ನೀರಿನ ದಾರಿಯನ್ನೇ ಕಿರಿದು ಮಾಡುತ್ತದೆ, ಅಷ್ಟೇ ನೀರಿಗೆ ಉಜ್ಜಾಟದ ನಷ್ಟ ಒಂದೂವರೆ ಪಟ್ಟು ಆಗುತ್ತದೆ, ಡೀಸೆಲ್ ಸುಮ್ನೆ ಉರಿಯುತ್ತದೆ. ಮೇಲಾಗಿ 6 ಮೀಟರಿನ ಒಂದು ಪೈಪ್ 90 ಕೆಜಿ ದಾಟುತ್ತದೆ. ಕಾಫಿ ಗಿಡಗಳ ನಡುವೆ ಆ ಏರಿನಲ್ಲಿ ಅದನ್ನು ಹೊರುವವರು ಯಾರು?

ಇಂಥ ಪೈಪಿನ ಜಾಗವೇ ಬೇರೆ. ರಾಯಚೂರಿನಂಥ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಹಬೆ 500 ಡಿಗ್ರಿ ದಾಟುತ್ತದೆ, ಒತ್ತಡ 100 ಕೆಜಿಗೂ ಮೇಲೆ. ಆ ಬಿಸಿಗೆ ಉಕ್ಕು ವರ್ಷಗಟ್ಟಲೆ ನಿಧಾನವಾಗಿ ಹಿಗ್ಗುತ್ತಾ ಹೋಗುತ್ತದೆ, ಹಾಗಾಗಿ ದಪ್ಪ ಬೇಕೇ ಬೇಕು. ಜೆಸಿಬಿ ಬಕೆಟ್ ಎತ್ತುವಾಗ ಹೊಳೆಯುವ ರಾಡ್ ಹೊರಗೆ ಬರುತ್ತಲ್ವಾ, ಅದು ಸರಿದಾಡುವ ಸಿಲಿಂಡರ್ ಕೂಡ ದಪ್ಪ ಗೋಡೆಯ ಕೊಳವೆಯೇ, ಒಳಮೈಯನ್ನು ಕನ್ನಡಿಯಂತೆ ಉಜ್ಜಿರುತ್ತಾರೆ.

ಗುಜರಿ ಮಾಲಿನಲ್ಲಿ ಇನ್ನೊಂದು ತಾಪತ್ರಯ ಇದೆ. ಅದು ಬಾಯ್ಲರಿನಿಂದ ಬಿಚ್ಚಿದ ಕ್ರೋಮಿಯಂ ಬೆರೆತ ಉಕ್ಕಾಗಿದ್ದರೆ, ಮೊದಲು ಕಾಯಿಸದೆ ಮಾಮೂಲಿ ರಾಡಿನಲ್ಲಿ ವೆಲ್ಡ್ ಮಾಡಿದಾಗ ಜಾಯಿಂಟಿನ ಪಕ್ಕದಲ್ಲೇ ಬಿರುಕು ಬಿಡಬಹುದು. ಸತುವಿನ ಲೇಪ ಬೇರೆ ಇರುವುದಿಲ್ಲ, ನಮ್ಮ ಮಳೆಗೆ ಹೊರಗಿನಿಂದಲೂ ತುಕ್ಕು.

ನಿಜವಾದ ಅಪಾಯ ಪಂಪ್ ತಟ್ಟನೆ ನಿಂತಾಗ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿದ್ದ ನೀರು ಒಮ್ಮೆಲೇ ನಿಂತರೆ ಹತ್ತಿರ ಹತ್ತಿರ 12 ಕೆಜಿಯ ಏಟು ಬೀಳುತ್ತದೆ, ಮೊದಲು ಬಿಟ್ಟುಕೊಳ್ಳುವುದು ಹಳೇ ಜಾಯಿಂಟು, ಬೆಂಡು. ಪಂಪಿನ ಮೇಲೆ ನೀರು ಹಿಂದಕ್ಕೆ ಬರದಂತೆ ತಡೆಯುವ ಒಳ್ಳೆಯ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಬೆಂಡುಗಳಿಗೆ ಕಾಂಕ್ರೀಟ್ ಆಧಾರ ಕೊಡಿ.

ಅಗ್ಗಕ್ಕೆ ಕೊಟ್ಟರೆ ಅದೇ ಗುಜರಿಯಲ್ಲಿ ನಾಲ್ಕಿಂಚಿನ ದಪ್ಪ ಪೈಪಿನ ಒಂದೆರಡು ತುಂಡು ತಗೊಳ್ಳಿ. ಟ್ರ್ಯಾಕ್ಟರ್ ಓಡಾಡುವ ತೋಟದ ದಾರಿಯಡಿ ಹೂತು, ನಿಮ್ಮ ಮೂರಿಂಚಿನ ಲೈನನ್ನು ಅದರೊಳಗೆ ತೂರಿಸಬಹುದು.