ಅಮ್ಮನ ಮಾತಿಗೆ ಒಪ್ಪಿದರೆ ತಪ್ಪಾಗಲ್ಲ

ಕೊನೆ ಹಂತದ ಕ್ಯಾನ್ಸರ್ ಇರುವ ಅಮ್ಮ 'ಐಸಿಯು ಬೇಡ, ದೇವರು ಬೇಕಾದಷ್ಟು ಕೊಟ್ಟಿದ್ದಾನೆ' ಅಂತಿದ್ದಾರೆ, ಒಪ್ಪಲಾ ಅಂತ ಕೇಳಿದ್ದೀರಿ. ಒಪ್ಪಿ. ನಮ್ಮಜ್ಜಿಯೂ ಹಾಗೇ ಅಂದಿದ್ದರು. ಕೊನೆಯ ವಾರ ಹಾಲಿನ ಹುಡುಗನನ್ನು (ಹುಡುಗನೇನು, ನಲವತ್ತು ದಾಟಿತ್ತು) ಒಳಗೆ ಕರೆಸಿ, ದಿಂಬಿನಡಿಯಿಂದ ಐವತ್ತರ ನೋಟು ತೆಗೆದು ಕೊಟ್ಟು, 'ಇಷ್ಟು ವರ್ಷ ಒಳ್ಳೇ ಹಾಲು ಹಾಕಿದೆ ಕಣಪ್ಪ' ಅಂದರು. ಅವನು ಅತ್ತ. ಅಜ್ಜಿ ಅಳಲಿಲ್ಲ.

ಅಮ್ಮನ ಇಷ್ಟವನ್ನು ಈಗಲೇ ಬರೆಸಿಡಿ. ಕೊನೆಗಾಲದಲ್ಲಿ ಇಂಥ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವುದನ್ನು 2018ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆ. 2023ರಿಂದ ಇನ್ನೂ ಸುಲಭ: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ನೋವು ಜಾಸ್ತಿಯಾದರೆ ಸುಮ್ನೆ ಸಹಿಸಿಕೊಳ್ಳಲು ಬಿಡಬೇಡಿ. ಬೆಂಗಳೂರಿನ ಕರುಣಾಶ್ರಯ ಅನ್ನೋ ಆರೈಕೆ ಕೇಂದ್ರದಲ್ಲಿ ಕೊನೆ ಹಂತದ ಕ್ಯಾನ್ಸರ್ ಇರುವವರ ಆರೈಕೆ ಉಚಿತ. ರಾತ್ರಿ ಅವರ ಪಕ್ಕದಲ್ಲೇ ಚಾಪೆ ಹಾಕಿಕೊಳ್ಳಿ.